ಇರುಳ ಬೆಳಕಿನ ಅಭ್ಯಾಸವೂ ಬೊಕ್ಕಸದ ಲೆಕ್ಕವೂ

೨೦೨೪ನೆಯ ಇಸವಿ ಸೆಪ್ಟೆಂಬರ್ ೨೬ರ ರಾತ್ರಿ ಹೆಲೀನ್ ಎಂಬ ಚಂಡಮಾರುತವು ಅಮೆರಿಕದ ಫ್ಲಾರಿಡಾ ಕರಾವಳಿಯನ್ನು ಹೊಕ್ಕು, ಮುಂದೆ ಒಳನಾಡಿನ ಬೆಟ್ಟಸೀಮೆಯವರೆಗೂ ನೆರೆಯನ್ನು ತಂದು, ಇನ್ನೂರಕ್ಕೂ ಹೆಚ್ಚು ಜನರ ಪ್ರಾಣವನ್ನು ಕೊಂಡಿತು. ಈ ದುರಂತದ ವರ್ತಮಾನವು ಎಲ್ಲ ದೇಶಗಳ ಪತ್ರಿಕೆಗಳಲ್ಲಿಯೂ ಬಂದಿತು. ಆದರೆ ಅದೇ ರಾತ್ರಿ ನೆಲದಿಂದ ಸುಮಾರು ೮೮ ಕಿಲೋಮೀಟರ್ ಎತ್ತರದಲ್ಲಿ ನಡೆದ ಇನ್ನೊಂದು ಸಂಗತಿಯ ಸುದ್ದಿ ಅಷ್ಟಾಗಿ ಹಬ್ಬಲಿಲ್ಲ. ಕೊಳಕ್ಕೆ ಕಲ್ಲನ್ನೆಸೆದಾಗ ನೀರಿನ ಮೇಲೆ ಬಳೆಬಳೆಯಾಗಿ ಅಲೆಗಳು ಹರಡುವಂತೆ, ಆ ಚಂಡಮಾರುತವು ಎಬ್ಬಿಸಿದ ಅಲೆಗಳು ಮೇಲಣ ಗಾಳಿಯಲ್ಲಿ ಪಶ್ಚಿಮಾಭಿಮುಖವಾಗಿ ಹರಡುತ್ತಿದ್ದವು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಹೊರಮೈಗೆ ಕಟ್ಟಿದ್ದ ಒಂದು ದೂರದರ್ಶಕವು ಆ ಅಲೆಗಳ ಚಿತ್ರವನ್ನು ಹಿಡಿದುಕೊಂಡಿತು. ನೆಲದ ಮೇಲಿನ ಬಿರುಗಾಳಿಯ ಪೆಟ್ಟು ಅಂತರಿಕ್ಷದ ಹೊಸ್ತಿಲಿಗೂ ತಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇದು ಕೇವಲ ಪಂಡಿತರ ಕುತೂಹಲದ ವಿಷಯವೆಂದು ಬಗೆದು ಪುಟವನ್ನು ತಿರುವುವವರು ಅನೇಕರಿರಬಹುದು. ನಮ್ಮ ಅಭಿಪ್ರಾಯವು ಹಾಗಿಲ್ಲ. ಸಾರ್ವಜನಿಕ ಧನವನ್ನು ಯಾವುದಕ್ಕೆ ವೆಚ್ಚ ಮಾಡಬೇಕು, ಯಾವುದಕ್ಕೆ ಮಾಡಬಾರದು ಎಂಬ ಪ್ರಶ್ನೆಯು ಈ ವಿಷಯದೊಡನೆ ಹೆಣೆದುಕೊಂಡಿರುವುದರಿಂದ, ಆಡಳಿತವನ್ನು ನಡೆಸುವವರೂ ತೆರಿಗೆಯನ್ನು ತೆರುವವರೂ ಇದನ್ನು ಕೊಂಚ ವಿಚಾರಿಸಿ ನೋಡುವುದು ಯುಕ್ತವೆಂದು ತೋರುತ್ತದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಚಂದ್ರನಿಲ್ಲದ, ಮೋಡವಿಲ್ಲದ, ಊರಿನ ದೀಪಗಳ ಸೋಂಕಿಲ್ಲದ ರಾತ್ರಿಯಲ್ಲಿಯೂ ಆಕಾಶವು ಪೂರ್ಣವಾಗಿ ಕಪ್ಪಾಗಿರುವುದಿಲ್ಲ. ನಕ್ಷತ್ರಗಳ ಬೆಳಕನ್ನೆಲ್ಲ ಕಳೆದರೂ ಒಂದು ಮಂದವಾದ ಬೆಳಕು ಉಳಿಯುತ್ತದೆ. ಅದು ಭೂಮಿಯ ಗಾಳಿಯೇ ಹೊರಸೂಸುವ ಬೆಳಕು. ಇದನ್ನು ವಾಯುದೀಪ್ತಿಯೆಂದು ಕರೆಯಬಹುದು. ಧ್ರುವಪ್ರದೇಶಗಳಲ್ಲಿ ಕಾಣುವ ಬಣ್ಣಬಣ್ಣದ ಧ್ರುವಪ್ರಭೆಗೂ ಇದಕ್ಕೂ ಭೇದವುಂಟು. ಧ್ರುವಪ್ರಭೆಯು ಸೂರ್ಯನ ಕಡೆಯಿಂದ ಹರಿದುಬಂದ ಕಣಗಳ ಹೊಡೆತದಿಂದ ಒಮ್ಮೊಮ್ಮೆ ಹುಟ್ಟತಕ್ಕದ್ದು. ವಾಯುದೀಪ್ತಿಯಾದರೋ ಎಲ್ಲ ದೇಶಗಳ ಮೇಲೆಯೂ ಎಲ್ಲ ರಾತ್ರಿಗಳಲ್ಲಿಯೂ ಇರತಕ್ಕದ್ದು. ಸ್ವೀಡನ್ ದೇಶದ ಆಂಗ್‌ಸ್ಟ್ರಮ್ ಎಂಬ ವಿಜ್ಞಾನಿಯು ೧೮೬೮ರಷ್ಟು ಹಿಂದೆಯೇ, ಧ್ರುವಪ್ರಭೆಯಿಲ್ಲದ ರಾತ್ರಿಗಳಲ್ಲಿಯೂ ಅದರ ಹಸುರು ರೇಖೆಯು ಆಕಾಶದ ಎಲ್ಲ ಭಾಗಗಳಿಂದ ಬರುತ್ತಿರುವುದನ್ನು ಗುರುತಿಸಿದ್ದನು.

ಈ ಬೆಳಕಿಗೆ ಎಣ್ಣೆ ಎಲ್ಲಿಯದು? ಹಗಲಿನ ಸೂರ್ಯನದು. ಬಿಸಿಲಿನ ತೀಕ್ಷ್ಣ ಕಿರಣಗಳು ಮೇಲಣ ಆಮ್ಲಜನಕದ ಅಣುಗಳನ್ನು ಸೀಳಿ ಪರಮಾಣುಗಳನ್ನಾಗಿ ಮಾಡುತ್ತವೆ. ರಾತ್ರಿಯಾದ ಮೇಲೆ ಈ ಬಿಡಿ ಪರಮಾಣುಗಳು ಆಮ್ಲಜನಕದೊಡನೆ ಕೂಡಿ ಓಝೋನ್ ಆಗುತ್ತವೆ. ಆ ಓಝೋನಿಗೆ ಜಲಜನಕದ ಪರಮಾಣುವು ತಾಗಿದಾಗ, ಆಮ್ಲಜನಕ ಮತ್ತು ಜಲಜನಕಗಳ ಒಂದೊಂದು ಪರಮಾಣುವಿನಿಂದಾದ ಹೈಡ್ರಾಕ್ಸಿಲ್ ಎಂಬ ಕಣವು ಹುಟ್ಟುತ್ತದೆ. ಹುಟ್ಟುವಾಗಲೇ ಶಕ್ತಿಯಿಂದ ತುಳುಕುವ ಈ ಕಣವು ಆ ಶಕ್ತಿಯನ್ನು ಬೆಳಕಾಗಿ ಚೆಲ್ಲುತ್ತದೆ. ಹಗಲಿನಲ್ಲಿ ಗಳಿಸಿದ್ದನ್ನು ರಾತ್ರಿಯಲ್ಲಿ ವೆಚ್ಚ ಮಾಡುವ ಗೃಹಸ್ಥನಂತೆ, ಮೇಲಣ ಗಾಳಿಯು ಸೂರ್ಯನಿಂದ ಪಡೆದುದನ್ನು ಇರುಳಿನಲ್ಲಿ ಸ್ವಲ್ಪಸ್ವಲ್ಪವಾಗಿ ಹಿಂದಿರುಗಿಸುತ್ತದೆ. ಈ ಬೆಳಕಿನ ಬಹುಭಾಗವು ಅವಕೆಂಪು, ಎಂದರೆ ಕೆಂಪಿನಾಚೆಯದಾಗಿ ಮನುಷ್ಯನ ಕಣ್ಣಿಗೆ ಕಾಣದುದು. ಹೈಡ್ರಾಕ್ಸಿಲಿನ ಈ ದೀಪ್ತಿಯನ್ನು ೧೯೫೦ರಲ್ಲಿ ಮೈನೆಲ್ ಎಂಬ ಅಮೆರಿಕದ ವಿಜ್ಞಾನಿಯು ಗುರುತಿಸಿದನು. ಅದು ಸುಮಾರು ೮೭ ಕಿಲೋಮೀಟರ್ ಎತ್ತರದಲ್ಲಿ ತೆಳುವಾದ ಪೊರೆಯಂತೆ ಭೂಮಂಡಲವನ್ನೆಲ್ಲ ಸುತ್ತಿಕೊಂಡಿದೆ.

ಈ ಪೊರೆಯೇ ವಿಜ್ಞಾನಿಗಳಿಗೆ ಸಿಕ್ಕ ಕೈಗನ್ನಡಿ. ಆ ಎತ್ತರಕ್ಕೆ ವಿಮಾನಗಳೂ ಬಲೂನುಗಳೂ ಏರಲಾರವು. ಕೃತಕ ಉಪಗ್ರಹಗಳು ಅಷ್ಟು ಕೆಳಗೆ ಸುತ್ತಲಾರವು. ರಾಕೆಟ್ಟುಗಳು ಮುಟ್ಟಿದರೂ ಕೆಲವು ನಿಮಿಷಗಳಲ್ಲಿ ದಾಟಿಹೋಗುತ್ತವೆ. ಹೀಗೆ ಕೈಗೆ ಸಿಕ್ಕದ ಪ್ರದೇಶವನ್ನು ಅದು ತಾನೇ ಬೀರುವ ಬೆಳಕಿನಿಂದ ಓದಬೇಕಲ್ಲದೆ ಬೇರೆ ಸುಲಭೋಪಾಯವಿಲ್ಲ. ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾನಿಲಯದವರು ಈ ಓದಿನಲ್ಲಿ ಬಹುಕಾಲದಿಂದ ಪರಿಶ್ರಮವುಳ್ಳವರು. ನಾರ್ವೆಯಲ್ಲಿಯೂ ದಕ್ಷಿಣ ಧ್ರುವದಲ್ಲಿಯೂ ಅವರು ಅವಕೆಂಪು ಯಂತ್ರಗಳನ್ನು ನೆಲದ ಮೇಲೆ ನಿಲ್ಲಿಸಿ ಈ ಪೊರೆಯನ್ನು ಅಳೆದಿದ್ದರು. ಆದರೆ ನೆಲದ ಯಂತ್ರಕ್ಕೆ ಮೋಡವು ಅಡ್ಡ ಬರುತ್ತದೆ. ಒಂದೂರಿನ ಯಂತ್ರವು ಇನ್ನೊಂದೂರಿನ ಆಕಾಶವನ್ನು ನೋಡಲಾರದು. ಆದುದರಿಂದ ಅದೇ ಬಗೆಯ ಯಂತ್ರವನ್ನು ಮೇಲಕ್ಕೆ ಕಳುಹಿಸಿ, ಮೇಲಿನಿಂದ ಕೆಳಕ್ಕೆ ನೋಡುವ ಯೋಜನೆಯನ್ನು ಅವರು ಮಂಡಿಸಿದರು. ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾ ೨೦೧೯ರಲ್ಲಿ ಅದನ್ನು ಒಪ್ಪಿತು. ೨೦೨೩ನೆಯ ಇಸವಿ ನವೆಂಬರ್ ೯ರ ರಾತ್ರಿ ಯಂತ್ರವು ಫ್ಲಾರಿಡಾದಿಂದ ಹೊರಟು ಅಂತರಿಕ್ಷ ನಿಲ್ದಾಣವನ್ನು ಸೇರಿತು. ವಾಯುಮಂಡಲ ತರಂಗ ಪ್ರಯೋಗವೆಂಬುದು ಅದರ ಹೆಸರಿನ ಅರ್ಥ. ಎರಡು ವರ್ಷ ಕೆಲಸ ಮಾಡಲೆಂದು ಅದನ್ನು ರಚಿಸಲಾಗಿತ್ತು.

ಅದರ ಕಾರ್ಯಕ್ರಮವು ಸರಳವೂ ಜಾಣತನದ್ದೂ ಆಗಿದೆ. ಯಂತ್ರದಲ್ಲಿ ನಾಲ್ಕು ದೂರದರ್ಶಕಗಳಿದ್ದು, ಒಂದೊಂದೂ ಅವಕೆಂಪು ಬೆಳಕಿನ ಒಂದೊಂದು ಕಿರಿದಾದ ಪಟ್ಟಿಯನ್ನು ಮಾತ್ರ ಸ್ವೀಕರಿಸುತ್ತದೆ. ಹೈಡ್ರಾಕ್ಸಿಲ್ ಸೂಸುವ ರೇಖೆಗಳಲ್ಲಿ ಎರಡನ್ನು ಆರಿಸಿ, ಅವುಗಳ ಹೊಳಪನ್ನು ಒಂದಕ್ಕೊಂದು ಹೋಲಿಸಿದರೆ, ಅಲ್ಲಿಯ ಗಾಳಿಯ ಉಷ್ಣತೆಯು ತಿಳಿಯುತ್ತದೆ. ಗಾಳಿಯು ಬೆಚ್ಚಗಾದಂತೆ ಈ ಎರಡು ರೇಖೆಗಳ ಪ್ರಮಾಣವು ಬದಲಾಗುತ್ತದೆ. ಅಕ್ಕಸಾಲಿಗನು ಒರೆಗಲ್ಲಿನ ಮೇಲಿನ ಎರಡು ಗೆರೆಗಳನ್ನು ಹೋಲಿಸಿ ಚಿನ್ನದ ಗುಣವನ್ನು ಹೇಳುವಂತೆಯೇ ಇದು. ನಿಲ್ದಾಣವು ೪೦೦ ಕಿಲೋಮೀಟರ್ ಎತ್ತರದಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವಾಗ, ಯಂತ್ರವು ಸುಮಾರು ೬೦೦ ಕಿಲೋಮೀಟರ್ ಅಗಲದ ಪಟ್ಟೆಯಲ್ಲಿ ಉಷ್ಣತೆಯ ಏರಿಳಿತಗಳ ನಕ್ಷೆಯನ್ನು ಬರೆಯುತ್ತ ಹೋಗುತ್ತದೆ. ಆ ಏರಿಳಿತಗಳೇ ಅಲೆಗಳು.

ಈ ಅಲೆಗಳನ್ನು ವಾಯುಮಂಡಲದ ಗುರುತ್ವ ತರಂಗಗಳೆಂದು ಕರೆಯುತ್ತಾರೆ. ೨೦೧೫ರಲ್ಲಿ ಮೊದಲ ಬಾರಿಗೆ ಪತ್ತೆಯಾದ, ದೂರದ ಕಪ್ಪುಕುಳಿಗಳ ಡಿಕ್ಕಿಯಿಂದ ಹುಟ್ಟಿದ ಗುರುತ್ವಾಕರ್ಷಣ ತರಂಗಗಳಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಇವು ಗಾಳಿಯ ಅಲೆಗಳು. ಬೆಟ್ಟದ ಸಾಲಿಗೆ ಗಾಳಿ ಬಡಿದು ಮೇಲಕ್ಕೇರಿದಾಗ, ಅಥವಾ ಗುಡುಗುಮೋಡವು ಗಾಳಿಯನ್ನು ಕೆಳಗಿನಿಂದ ತಳ್ಳಿದಾಗ, ಭೂಮಿಯ ಆಕರ್ಷಣೆಯು ಆ ಗಾಳಿಯನ್ನು ಮರಳಿ ಕೆಳಗೆಳೆಯುತ್ತದೆ. ಈ ತೂಗಾಟವೇ ಅಲೆಯಾಗಿ ಮೇಲಕ್ಕೆ ಸಾಗುತ್ತದೆ. ನೆಲದ ಸಮೀಪದಲ್ಲಿ ಅಲ್ಪವಾಗಿದ್ದ ಅಲೆಯು ಮೇಲೇರಿದಂತೆ ಪ್ರಬಲವಾಗುವುದು ಇದರ ವಿಶೇಷ. ೮೭ ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ನೆಲದ ಗಾಳಿಯ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೇ ಶಕ್ತಿಯು ಅಷ್ಟು ವಿರಳವಾದ ಗಾಳಿಯನ್ನು ಅಲುಗಿಸಬೇಕಾದಾಗ ಅಲುಗಾಟವು ಹೆಚ್ಚುವುದು ಸಹಜವೇ. ಬಾರುಕೋಲಿನ ಹಿಡಿಯನ್ನು ಮೆಲ್ಲನೆ ಬೀಸಿದರೂ ತೆಳ್ಳನೆಯ ತುದಿಯು ಛಟೀರೆನ್ನುವುದಿಲ್ಲವೇ?

ಕೊನೆಗೆ ಈ ಅಲೆಗಳು ಸಮುದ್ರದ ತೆರೆಗಳು ದಡದಲ್ಲಿ ಒಡೆಯುವಂತೆ ಒಡೆದು, ತಾವು ಹೊತ್ತುತಂದ ಬಲವನ್ನು ಮೇಲಣ ಗಾಳಿಗೆ ಒಪ್ಪಿಸುತ್ತವೆ. ಆ ಬಲದಿಂದ ಅಲ್ಲಿಯ ಗಾಳಿಯು ಒಂದು ಧ್ರುವದಿಂದ ಇನ್ನೊಂದು ಧ್ರುವದ ಕಡೆಗೆ ಹರಿಯತೊಡಗುತ್ತದೆ. ಇದರ ಪರಿಣಾಮವು ಸಾಮಾನ್ಯ ಬುದ್ಧಿಗೆ ವಿಪರೀತವಾಗಿ ತೋರುವಂಥದು: ಬೇಸಿಗೆಯಲ್ಲಿ ದಿನವಿಡೀ ಬಿಸಿಲು ಬೀಳುವ ಧ್ರುವದ ಮೇಲೆಯೇ ಆ ಎತ್ತರದ ಗಾಳಿಯು ಅತಿ ಶೀತಲವಾಗುತ್ತದೆ, ಶೂನ್ಯಕ್ಕಿಂತ ೧೩೦ ಡಿಗ್ರಿಗಳಿಗೂ ಕೆಳಗೆ ಇಳಿಯುವುದುಂಟು. ಭೂಮಂಡಲದ ವಾತಾವರಣದಲ್ಲಿ ಅದಕ್ಕಿಂತ ತಣ್ಣಗಿನ ಸ್ಥಳವಿಲ್ಲ. ಬೆಟ್ಟಗಳಿಂದಲೂ ಮೋಡಗಳಿಂದಲೂ ಎದ್ದ ಅಲೆಗಳು ಸೂರ್ಯನ ಬಿಸಿಲನ್ನೇ ಸೋಲಿಸುತ್ತವೆಂದ ಮೇಲೆ ಅವುಗಳನ್ನು ಕ್ಷುಲ್ಲಕವೆನ್ನಲಾದೀತೇ?

ಇನ್ನು ಪ್ರಯೋಜನದ ಮಾತು. ಈ ಪೊರೆಯ ಮೇಲುಗಡೆಯಿಂದಲೇ ವಿದ್ಯುತ್ಕಣಗಳಿಂದ ತುಂಬಿದ ಅಯಾನುಮಂಡಲವು ಬಲವಾಗುತ್ತ ಹೋಗುತ್ತದೆ. ಅದಕ್ಕೂ ಮೇಲೆ ಉಪಗ್ರಹಗಳ ಸಂಚಾರಮಾರ್ಗವಿದೆ. ಹಡಗು, ವಿಮಾನ, ದೂರವಾಣಿಗಳಿಗೆ ದಾರಿ ತೋರಿಸುವ ಉಪಗ್ರಹಗಳ ಸಂಕೇತಗಳು ಅಯಾನುಮಂಡಲವನ್ನು ತೂರಿಯೇ ನೆಲಕ್ಕೆ ಬರಬೇಕು. ಅದು ಕದಡಿದಾಗ ಸಂಕೇತಗಳು ತಡವರಿಸಿ, ಸ್ಥಳದ ಲೆಕ್ಕವು ತಪ್ಪುತ್ತದೆ. ಸೂರ್ಯನ ಕ್ಷೋಭೆಯಿಂದ ಅದು ಕದಡುವುದೆಂಬುದು ಹಿಂದಿನಿಂದಲೂ ತಿಳಿದದ್ದೇ. ೨೦೨೨ನೆಯ ಇಸವಿ ಫೆಬ್ರವರಿಯಲ್ಲಿ ಅಮೆರಿಕದ ಒಂದು ಕಂಪನಿಯು ಹಾರಿಸಿದ ೪೯ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು, ಸೂರ್ಯಜನ್ಯವಾದ ಕಾಂತಕ್ಷೋಭೆಯಿಂದ ಮೇಲಣ ಗಾಳಿಯು ಉಬ್ಬಿದ ಕಾರಣ ಕಕ್ಷೆಗೇರಲಾರದೆ ಉರಿದುಹೋದವು. ಆದರೆ ಕದಡುವಿಕೆಯು ಕೆಳಗಿನಿಂದಲೂ ಬರುತ್ತದೆಂಬುದು ಈಚಿನ ವರ್ಷಗಳಲ್ಲಿ ದೃಢಪಟ್ಟಿದೆ. ೨೦೨೨ರ ಜನವರಿ ೧೫ರಂದು ಶಾಂತಸಾಗರದ ಟೋಂಗಾ ದ್ವೀಪಗಳಲ್ಲಿ ಜ್ವಾಲಾಮುಖಿಯು ಸಿಡಿದಾಗ ಅದರ ಪೆಟ್ಟು ಅಯಾನುಮಂಡಲದವರೆಗೂ ಹೋಗಿ ಅಲ್ಲಿ ಪ್ರಚಂಡವಾದ ಗಾಳಿಗಳನ್ನೆಬ್ಬಿಸಿತು. ಜ್ವಾಲಾಮುಖಿಯು ಎಂದೋ ಒಮ್ಮೆ ಸಿಡಿಯುತ್ತದೆ. ಗುಡುಗುಮೋಡಗಳೂ ಚಂಡಮಾರುತಗಳೂ ಹಾಗಲ್ಲ. ಅವುಗಳ ಪಾಲು ಎಷ್ಟೆಂಬುದನ್ನು ಗೊತ್ತುಮಾಡುವುದೇ ನಿಲ್ದಾಣದ ದೂರದರ್ಶಕದ ಉದ್ದೇಶ.

ಭಾರತಕ್ಕೆ ಇದು ಪರದೇಶದ ಸುದ್ದಿ ಮಾತ್ರವೆಂದು ಭಾವಿಸುವಂತಿಲ್ಲ. ಭೂಮಿಯ ಕಾಂತ ವಿಷುವದ್ರೇಖೆಯು ನಮ್ಮ ದೇಶದ ದಕ್ಷಿಣ ತುದಿಯ ಸಮೀಪದಲ್ಲಿ ಹಾಯುತ್ತದೆ. ಆ ರೇಖೆಯ ಇಕ್ಕೆಲಗಳಲ್ಲಿ ಅಯಾನುಮಂಡಲವು ಬಹಳ ಚಂಚಲ. ಸಂಜೆ ಕಳೆದ ಮೇಲೆ ಅಲ್ಲಿ ಗುಳ್ಳೆಗಳಂಥ ಪೊಳ್ಳುಗಳು ಎದ್ದು ಸಂಕೇತಗಳನ್ನು ಕೆಡಿಸುತ್ತವೆ. ಕೆಳಗಿನಿಂದ ಏರಿಬಂದ ಅಲೆಗಳೇ ಇವಕ್ಕೆ ಬೀಜವಾಗುವುದುಂಟೆಂದು ವಿಜ್ಞಾನಿಗಳು ಎಣಿಸುತ್ತಾರೆ. ವಿಮಾನಗಳಿಗೆ ನಿಖರವಾದ ಮಾರ್ಗದರ್ಶನ ಮಾಡುವ ಗಗನ್ ಎಂಬ ನಮ್ಮ ವ್ಯವಸ್ಥೆಯು ಈ ಚಂಚಲತೆಯ ತಪ್ಪನ್ನು ತಿದ್ದುವುದಕ್ಕಾಗಿಯೇ ಬಹುಮಟ್ಟಿಗೆ ಶ್ರಮಿಸುತ್ತದೆ. ಅದರ ಮುಖ್ಯ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನಲ್ಲಿ. ನಮ್ಮ ಉಪಗ್ರಹಗಳನ್ನು ಡಿಕ್ಕಿಗಳಿಂದ ಕಾಯುವ ಕೇಂದ್ರವೊಂದನ್ನು ೨೦೨೨ರ ಜುಲೈಯಲ್ಲಿ ಇಸ್ರೋ ತೆರೆದದ್ದೂ ಅದೇ ನಗರದಲ್ಲಿ. ಮೇಲಣ ಗಾಳಿಯ ಅಳತೆಯಿಲ್ಲದೆ ಈ ಎರಡು ಕೆಲಸಗಳೂ ಪೂರ್ಣವಾಗಲಾರವು.

ಇಷ್ಟನ್ನು ಕೇಳಿದ ಮೇಲೂ, ಹೊಟ್ಟೆಗೆ ಹಿಟ್ಟಿಲ್ಲದಿರುವಾಗ ಜುಟ್ಟಿಗೆ ಮಲ್ಲಿಗೆ ಹೂವೇಕೆಂದು ಆಕ್ಷೇಪಿಸುವವರುಂಟು. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವವರಲ್ಲ. ಬಡವರಿಂದ ಕೂಡಿದ ಹಣವನ್ನು ವೆಚ್ಚ ಮಾಡುವವರು ಪ್ರತಿಯೊಂದು ಕಾಸಿಗೂ ಉತ್ತರ ಹೇಳಬೇಕಾದುದೇ. ಹೆಲೀನ್‌ನ ಅಲೆಗಳ ಚಿತ್ರವು ನೆರೆಯಲ್ಲಿ ಮುಳುಗಿದ ಒಬ್ಬನನ್ನೂ ಬದುಕಿಸಲಿಲ್ಲವೆಂಬುದೂ ನಿಜ. ಈ ಯಂತ್ರವು ಚಂಡಮಾರುತವನ್ನು ಮುಂದಾಗಿ ತಿಳಿಸುವ ಯಂತ್ರವೆಂದು ಹೇಳಿದರೆ ಅದು ಜನರನ್ನು ಮೋಸಗೊಳಿಸಿದಂತೆ. ಆದರೆ ವೆಚ್ಚವನ್ನು ತೂಗುವಾಗ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. ೨೦೧೯ರಲ್ಲಿ ಈ ಯೋಜನೆಗೆ ಗೊತ್ತುಮಾಡಿದ ಹಣವು ೪ ಕೋಟಿ ೨೦ ಲಕ್ಷ ಡಾಲರು. ಅಂದಿನ ದರದಲ್ಲಿ ಸುಮಾರು ೩೦೦ ಕೋಟಿ ರೂಪಾಯಿ. ಮೊತ್ತವು ಸಣ್ಣದಲ್ಲ. ಆದರೆ ಆ ಮೇಲಣ ಗಾಳಿಯ ನಡುವೆ ಬಾಳಬೇಕಾದ ಸಾವಿರಾರು ಉಪಗ್ರಹಗಳ ಬೆಲೆಯನ್ನೂ, ಅವುಗಳನ್ನು ನಂಬಿದ ಸಂಚಾರ, ವ್ಯಾಪಾರ, ಹವಾಮಾನವಾರ್ತೆಗಳ ಬೆಲೆಯನ್ನೂ ಎದುರು ತಟ್ಟೆಯಲ್ಲಿಟ್ಟರೆ, ಇದು ಮನೆಗೆ ಬೀಗ ಹಾಕಿಸುವ ವೆಚ್ಚದಂತೆ ತೋರುವುದಲ್ಲದೆ ಮಲ್ಲಿಗೆ ಹೂವಿನಂತೆ ತೋರಲಾರದು.

ಇದಕ್ಕಿಂತಲೂ ಗಹನವಾದ ಮಾತೊಂದಿದೆ. ರಸ್ತೆಯನ್ನೋ ಕಟ್ಟಡವನ್ನೋ ಈ ವರ್ಷ ಹಣವಿಲ್ಲವೆಂದು ನಿಲ್ಲಿಸಿದರೆ ಬರುವ ವರ್ಷ ಮುಂದುವರಿಸಬಹುದು. ಅಳತೆಯ ಕೆಲಸವು ಹಾಗಲ್ಲ. ಶಾನುಭೋಗನು ಒಂದು ವರ್ಷ ಮಳೆಯ ಲೆಕ್ಕವನ್ನು ಬರೆಯದೆ ಬಿಟ್ಟರೆ, ಮುಂದೆ ಎಷ್ಟು ಸಂಬಳ ಕೊಟ್ಟರೂ ಆ ವರ್ಷದ ಮಳೆಯನ್ನು ಅವನು ಅಳೆಯಲಾರನು. ಮೇಲಣ ಗಾಳಿಯ ವಿಷಯದಲ್ಲಿ ಇದಕ್ಕೆ ಉತ್ತಮವಾದ ನಿದರ್ಶನವುಂಟು. ೨೦೦೧ರ ಡಿಸೆಂಬರ್ ೭ರಂದು ನಾಸಾ ಹಾರಿಸಿದ ಟೈಮ್ಡ್ ಎಂಬ ಉಪಗ್ರಹದಲ್ಲಿ ಸೇಬರ್ ಎಂಬ ಅವಕೆಂಪು ಯಂತ್ರವಿತ್ತು. ಅದೂ ಯೂಟಾದ ಪ್ರಯೋಗಶಾಲೆಯವರೇ ಕಟ್ಟಿದ್ದು. ಎರಡು ವರ್ಷಗಳಿಗೆಂದು ಹೋದ ಆ ಉಪಗ್ರಹವು ಇಪ್ಪತ್ತು ವರ್ಷಗಳನ್ನೂ ಮೀರಿ ಅಳತೆಗಳನ್ನು ಕೊಟ್ಟಿತು. ಎರಡು ವರ್ಷಗಳ ಅಳತೆಯಲ್ಲಿ ಕಾಣಲಾರದ ಒಂದು ಸತ್ಯವು ಇಪ್ಪತ್ತು ವರ್ಷಗಳ ಅಳತೆಯಲ್ಲಿ ಕಂಡಿತು. ಅದೇನೆಂದರೆ, ನೆಲದ ಬಳಿ ಗಾಳಿಯನ್ನು ಬಿಸಿಮಾಡುತ್ತಿರುವ ಇಂಗಾಲಾಮ್ಲವೇ ಮೇಲಣ ಗಾಳಿಯನ್ನು ತಣ್ಣಗಾಗಿಸುತ್ತಿದೆ. ಕೆಳಗೆ ಕಂಬಳಿಯಂತೆ ಶಾಖವನ್ನು ತಡೆಯುವ ಅನಿಲವು, ವಿರಳವಾದ ಮೇಲಣ ಗಾಳಿಯಲ್ಲಿ ಶಾಖವನ್ನು ಅಂತರಿಕ್ಷಕ್ಕೆ ಚೆಲ್ಲುತ್ತದೆ. ಹೀಗಾಗುವುದೆಂದು ರೋಬಲ್ ಮತ್ತು ಡಿಕಿನ್‌ಸನ್ ಎಂಬವರು ೧೯೮೯ರಲ್ಲಿಯೇ ಗಣಿತದಿಂದ ತೋರಿಸಿದ್ದರು. ತಣ್ಣಗಾದ ಗಾಳಿಯು ಕುಗ್ಗುತ್ತದೆ. ಕುಗ್ಗಿದರೆ ಉಪಗ್ರಹಗಳ ಚೂರುಪಾರುಗಳನ್ನು ತಡೆದು ಕೆಳಗೆ ಬೀಳಿಸುವ ಅದರ ಶಕ್ತಿಯು ಕಡಿಮೆಯಾಗುತ್ತದೆ. ಕಸವು ಮೇಲೆಯೇ ಉಳಿದು ಡಿಕ್ಕಿಯ ಭಯವು ಬೆಳೆಯುತ್ತದೆ. ನೆಲದ ಮೇಲಿನ ಹೊಗೆಗೂ ಅಂತರಿಕ್ಷದ ಅಪಾಯಕ್ಕೂ ಇಂಥ ಸಂಬಂಧವಿದೆಯೆಂಬುದನ್ನು ಎಡೆಬಿಡದ ದಾಖಲೆಯಲ್ಲದೆ ಮತ್ತಾವುದು ರುಜುವಾತು ಮಾಡೀತು?

ಹೀಗಿರುವಾಗ, ಈ ವಿದ್ಯೆಯಲ್ಲಿ ಮುಂದಾಗಿ ನಿಂತ ದೇಶವೇ ಹಿಂಜರಿಯುವ ಲಕ್ಷಣವನ್ನು ತೋರಿಸಿದ್ದು ವಿಷಾದಕರ. ೨೦೨೫ನೆಯ ಇಸವಿ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರ ಸರಕಾರವು ಮುಂದಿನ ವರ್ಷದ ಆಯವ್ಯಯದಲ್ಲಿ ನಾಸಾದ ವಿಜ್ಞಾನಶಾಖೆಯ ಹಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವ ಪ್ರಸ್ತಾಪವನ್ನು ಮುಂದಿಟ್ಟಿತು. ಅಲ್ಲಿಯ ಶಾಸನಸಭೆಯಲ್ಲಿ ಎರಡು ಪಕ್ಷಗಳವರೂ ಅದನ್ನು ವಿರೋಧಿಸಿದ್ದು ಸಮಾಧಾನದ ಸಂಗತಿ. ಆದರೆ ಅಂಥ ಪ್ರಸ್ತಾಪವು ಹುಟ್ಟಿತೆಂಬುದರಿಂದಲೇ ಒಂದು ಪಾಠವನ್ನು ಕಲಿಯಬೇಕು. ಇಡೀ ಭೂಮಂಡಲಕ್ಕೆ ಸೇರಿದ ದಾಖಲೆಯು ಒಂದೇ ದೇಶದ ಬೊಕ್ಕಸವನ್ನು ನೆಚ್ಚಿಕೊಂಡಿದ್ದರೆ, ಆ ದೇಶದ ಚುನಾವಣೆಯ ಗಾಳಿಯು ತಿರುಗಿದಂತೆಲ್ಲ ದಾಖಲೆಯೂ ತೂಗಾಡುತ್ತದೆ. ಉಳಿದ ದೇಶಗಳು ಹೊಣೆಯಲ್ಲಿ ಪಾಲುಗೊಳ್ಳದೆ ಫಲದಲ್ಲಿ ಮಾತ್ರ ಪಾಲನ್ನು ಬಯಸುವುದು ಬಹುಕಾಲ ನಡೆಯತಕ್ಕದ್ದಲ್ಲ.

ಈ ಹೊಣೆಯನ್ನು ಹೊರಲು ಭಾರತವು ಅನರ್ಹವೆಂದು ಯಾರೂ ಹೇಳಲಾರರು. ಹವಾಮಾನ ಇಲಾಖೆಯಲ್ಲಿದ್ದ ಕೆ. ಆರ್. ರಾಮನಾಥನ್ ಅವರು ರಾತ್ರಿಯ ಆಕಾಶದ ಹಸುರು ರೇಖೆಯನ್ನು ಕುರಿತು ೧೯೩೨ರಲ್ಲಿಯೇ ಪ್ರಕಟಿಸಿದ್ದರು. ಕಲಕತ್ತೆಯ ಶಿಶಿರಕುಮಾರ ಮಿತ್ರರು ೧೯೪೭ರಲ್ಲಿ ಊರ್ಧ್ವ ವಾಯುಮಂಡಲವನ್ನು ಕುರಿತು ಹೊರತಂದ ಬೃಹದ್ಗ್ರಂಥವು ಲೋಕದ ವಿದ್ವಾಂಸರಿಗೆಲ್ಲ ಆಧಾರವಾಯಿತು. ೧೯೬೩ರ ನವೆಂಬರ್ ೨೧ರಂದು ಕೇರಳದ ತುಂಬಾದಿಂದ ಹಾರಿದ ಮೊದಲನೆಯ ರಾಕೆಟ್ಟು ಕೊಂಡೊಯ್ದದ್ದೂ ಮೇಲಣ ಗಾಳಿಯ ಚಲನೆಯನ್ನು ತಿಳಿಯುವುದಕ್ಕಾಗಿ ಸೋಡಿಯಂ ಆವಿಯನ್ನೇ. ನಮ್ಮ ಅಂತರಿಕ್ಷ ಪ್ರಯತ್ನದ ಮೊದಲ ಹೆಜ್ಜೆಯೇ ಈ ವಿದ್ಯೆಯ ದಾರಿಯಲ್ಲಿ ಬಿದ್ದಿತೆಂಬುದನ್ನು ಮರೆಯಬಾರದು. ಇಂದು ಆಬೂ ಪರ್ವತದಲ್ಲಿಯೂ, ಆಂಧ್ರದ ಗಾದಂಕಿಯಲ್ಲಿಯೂ, ತಮಿಳುನಾಡಿನ ತಿರುನೆಲ್ವೇಲಿಯಲ್ಲಿಯೂ ನಮ್ಮ ಸಂಸ್ಥೆಗಳು ವಾಯುದೀಪ್ತಿಯನ್ನು ನೆಲದಿಂದ ಅಭ್ಯಸಿಸಿವೆ. ಹಿತ್ತಲ ಗಿಡ ಮದ್ದಲ್ಲವೆಂಬ ಭಾವನೆಯಿಂದ ಈ ಕೆಲಸವು ನಮ್ಮವರ ಗಮನಕ್ಕೇ ಬಾರದಿರುವುದು ದೀಪದ ಬುಡದ ಕತ್ತಲೆಯಂತಿದೆ.

ಆಗಬೇಕಾದುದೇನು? ಮೊದಲನೆಯದಾಗಿ, ನೆಲದ ಮೇಲಿನ ನಿಲ್ದಾಣಗಳು ಒಂದೇ ಕ್ರಮದಲ್ಲಿ, ಒಂದು ರಾತ್ರಿಯನ್ನೂ ಬಿಡದೆ ಅಳತೆ ಮಾಡುವುದಕ್ಕೆ ಬೇಕಾದ ಸಿಬ್ಬಂದಿಯನ್ನೂ ಹಣವನ್ನೂ ಕೆಲವು ವರ್ಷಗಳ ಮಟ್ಟಿಗೆ ಒಮ್ಮೆಯೇ ಗೊತ್ತುಮಾಡಬೇಕು. ವರ್ಷವರ್ಷವೂ ಮಂಜೂರಿಗಾಗಿ ಕಾಯುವ ಯಂತ್ರವು ಅಳೆಯುವುದಕ್ಕಿಂತ ಅರ್ಜಿ ಬರೆಯುವುದರಲ್ಲಿಯೇ ಸವೆಯುತ್ತದೆ. ಎರಡನೆಯದಾಗಿ, ಬಂಗಾಳ ಕೊಲ್ಲಿಯ ಚಂಡಮಾರುತಗಳೂ ಹಿಮಾಲಯದ ಮೇಲೆ ಬೀಸುವ ಗಾಳಿಗಳೂ ಎಬ್ಬಿಸುವ ಅಲೆಗಳನ್ನು ಅಭ್ಯಸಿಸಲು ನಮಗಿಂತ ಅನುಕೂಲವಾದ ನೆಲೆಯಲ್ಲಿ ಇರುವವರು ವಿರಳ. ಆದುದರಿಂದ ಇಂಥ ಅವಕೆಂಪು ದೂರದರ್ಶಕವೊಂದನ್ನು ನಮ್ಮದೇ ಉಪಗ್ರಹದಲ್ಲಿ ಕಳುಹಿಸುವುದನ್ನು ಇಸ್ರೋದವರು ಆಲೋಚಿಸಬೇಕು. ಮೂರನೆಯದಾಗಿ, ನಾಸಾ ತನ್ನ ವಿಜ್ಞಾನದ ಅಳತೆಗಳನ್ನು ಲೋಕಕ್ಕೆಲ್ಲ ತೆರೆದಿಡುವ ಪದ್ಧತಿಯನ್ನಿಟ್ಟುಕೊಂಡಿದೆ. ಅದರ ಉಪಯೋಗವನ್ನು ನಮ್ಮ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಪಡೆಯುವಂತೆ ಅಧ್ಯಾಪಕರು ಮಾಡಬೇಕು. ಅಂತರಿಕ್ಷಕ್ಕೆ ಯಂತ್ರವನ್ನು ಕಳುಹಿಸಲು ಕೋಟಿಗಳು ಬೇಕು. ಅದು ಕಳುಹಿಸಿದ ಚಿತ್ರವನ್ನು ಓದಲು ಬೇಕಾದುದು ಗಣಿತವೂ ತಾಳ್ಮೆಯೂ ಮಾತ್ರ.

ಆಡಳಿತಗಾರರಿಗೆ ಕೊನೆಯದಾಗಿ ಒಂದು ವಿಜ್ಞಾಪನೆ. ಕಟ್ಟಿದ ಕಟ್ಟಡಕ್ಕೆ ಉದ್ಘಾಟನೆಯುಂಟು, ಹಾರಿದ ರಾಕೆಟ್ಟಿಗೆ ಚಪ್ಪಾಳೆಯುಂಟು. ಇರುಳೆಲ್ಲ ಎಚ್ಚರವಿದ್ದು ಮಂದವಾದ ಬೆಳಕನ್ನು ಅಳೆದು ಬರೆದಿಡುವ ಕೆಲಸಕ್ಕೆ ಎರಡೂ ಇಲ್ಲ. ಆದುದರಿಂದಲೇ ಉಳಿತಾಯದ ಕತ್ತರಿಯು ಮೊದಲು ಅದರ ಮೇಲೆ ಬೀಳುತ್ತದೆ. ನಿಲ್ಲಿಸುವುದಕ್ಕೆ ಒಂದು ರುಜು ಸಾಕು. ಕಳೆದುಹೋದ ರಾತ್ರಿಗಳನ್ನು ಮರಳಿ ತರುವುದಕ್ಕೆ ಯಾವ ಸರಕಾರದ ಹುಕುಮೂ ಸಾಲದು. ರುಜು ಹಾಕುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲೆಂದು ನಮ್ಮ ಆಶಯ.